ಐದು ಬೊಂಬೆಗಳ ರೀಲು

ಆದೋನಿಯ ಹಳೇ ಟಾಕೀಸು ಒಡೆದು ಫಂಕ್ಷನ್ ಹಾಲ್ ಕಟ್ಟುತ್ತಾರೆಂಬ ಸುದ್ದಿ ಈಶ್ವರಿಯ ಊರಾದ ಪೆದ್ದಹರಿವಾಣಂ ಮುಟ್ಟಿದ ಮರುದಿನವೇ ಭೀಮಲಿಂಗಪ್ಪ ಅವಳಿಗೆ ಫೋನು ಮಾಡಿದ. ಅವನು ಆ ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವನು, ಈಗ ಎಂಬತ್ತು ದಾಟಿದ ಮುದುಕ.

"ಬೊಂಬೆ ಸಿನಿಮಾದ ಡಬ್ಬಿ ಸಿಕ್ಕಾವ ತಾಯಿ. ನಿಮ್ಮವ್ವ ಇರೋ ರೀಲೂ ಐತಿ. ಲಗೂನ ಬಾ."

ಈಶ್ವರಿ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ರಿಟೈರ್ ಆದವಳು, ಅರವತ್ತೆರಡು ವಯಸ್ಸು. ತಾಯಿ ಬಸವಕ್ಕ ನಾಟಕ ಕಂಪನಿಯವಳು. ಮಗಳಿಗೆ ಮೂರು ತುಂಬುವ ಮೊದಲೇ ಜ್ವರ ಬಂದು ತೀರಿಹೋದಳು. ನಾಟಕದವಳೆಂಬ ಸಿಟ್ಟಿಗೆ ಅಜ್ಜಿ ಇದ್ದೊಂದು ಫೋಟೋವನ್ನೂ ಒಲೆಗೆ ಹಾಕಿದ್ದಳು. ಉಳಿದದ್ದು ಆ ಸಿನಿಮಾ ಒಂದೇ.

ಅದು ಹೆದರಿಕೆಯ ಸಿನಿಮಾ. ನಾಟಕದ ಥಿಯೇಟರಿನಲ್ಲಿ ಯಾರೋ ನಟಿಯರನ್ನು ಒಬ್ಬೊಬ್ಬರನ್ನಾಗಿ ಕೊಂದು, ಮುಖಕ್ಕೆ ಸುಣ್ಣದಂಥ ಬಣ್ಣ ಬಳಿದು, ರಂಗದ ಮೇಲೆ ಬೊಂಬೆಗಳಂತೆ ನಿಲ್ಲಿಸುತ್ತಾನೆ. ಜನ ಬೊಂಬೆಗಳೆಂದೇ ತಿಳಿದು ಚಪ್ಪಾಳೆ ತಟ್ಟುತ್ತಾರೆ. ಕೊಂದವನು ಯಾರೆಂದು ಕೊನೆಯ ರೀಲಿನವರೆಗೂ ಪೊಲೀಸರಿಗೆ ತಿಳಿಯದು. ಬಸವಕ್ಕನದು ಬೊಂಬೆಯ ಪಾತ್ರ. ಮಾತಿಲ್ಲ, ನಿಂತರಾಯಿತು.

ಈಶ್ವರಿಗೆ ಒಂಬತ್ತು ವರ್ಷವಾದಾಗ ಆ ಸಿನಿಮಾ ಮತ್ತೊಮ್ಮೆ ಬಂದಿತ್ತು. ಸೋದರತ್ತೆ ಕರೆದೊಯ್ದಿದ್ದಳು. ರಂಗದ ಪರದೆ ಸರಿದದ್ದೇ ಅತ್ತೆ, "ನೋಡೇ, ನಿಮ್ಮವ್ವ!" ಎಂದಳು. ಹುಡುಗಿ ಹೆದರಿ ಅತ್ತೆಯ ಸೆರಗಿನಲ್ಲಿ ಮುಖ ಹುದುಗಿಸಿದಳು. ತಲೆ ಎತ್ತುವಷ್ಟರಲ್ಲಿ ಪೊಲೀಸ್ ಜೀಪು ಓಡುತ್ತಿತ್ತು. ಆಮೇಲೆ ಆ ಸಿನಿಮಾ ಆದೋನಿಗೆ ಬರಲೇ ಇಲ್ಲ. ಐವತ್ಮೂರು ವರ್ಷ ಅವಳು ಆ ಒಂದು ಗಳಿಗೆಗಾಗಿ ತನ್ನನ್ನೇ ಬೈದುಕೊಂಡಿದ್ದಳು.

ಟಾಕೀಸಿನ ತಗಡು ಆಗಲೇ ಇಳಿಸಿದ್ದರು. ಮೇಲಿನ ಕೋಣೆಯಲ್ಲಿ ಭೀಮಲಿಂಗಪ್ಪ ಡಬ್ಬಿ ತೆರೆದದ್ದೇ ಹುಳಿ ನಾತ ಮೂಗಿಗೆ ಬಡಿಯಿತು. ರೀಲುಗಳು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿದ್ದವು. ಐದನೆಯದರ ತುದಿಯಲ್ಲಿ ಮಾತ್ರ ಮೊಳದಷ್ಟು ಬಿಡಿಸಿಕೊಂಡಿತು. ಪ್ರೊಜೆಕ್ಟರ್ ಎಂದೋ ಗುಜರಿಗೆ ಹೋಗಿತ್ತು. ಅವನು ಅದನ್ನು ಬಿಸಿಲಿಗೆ ಹಿಡಿದ.

ಸಾಲಾಗಿ ಐದು ಹೆಂಗಸರು. ಒಂದೇ ಥರದ ಸೀರೆ, ಒಂದೇ ಥರದ ಬಿಳಿ ಮುಖ. ಎಲ್ಲರದ್ದೂ ಕಣ್ಣು ಮುಚ್ಚಿತ್ತು.

"ಯಾವಾಕಿ ಮಾವಾ?" ಎಂದಳು ಈಶ್ವರಿ.

"ಎಡಗಡಿಂದ ಎರಡನೇದಾಕಿ. ಆಕೀನ ಬಸವಕ್ಕ."

ಈಶ್ವರಿ ಕಣ್ಣು ಕಿರಿದು ಮಾಡಿ ನೋಡಿದಳು. ತನ್ನ ಮೂಗು ಅಲ್ಲಿದೆಯೇ, ಮಗಳು ಮಲ್ಲೇಶ್ವರಿಯ ಗದ್ದ ಅಲ್ಲಿದೆಯೇ ಎಂದು ಹುಡುಕಿದಳು. ಎದೆಯೊಳಗೆ ಏನೋ ಮಿಸುಕುತ್ತದೆಂದು ಕಾದಳು. ಫೋನಿನಲ್ಲಿ ಫೋಟೋ ಹಿಡಿದು, "ಇನ್ನೊಂದ್ಸಲ ಬೆರಳಿಟ್ಟು ತೋರಸು" ಎಂದಳು.

ಮುದುಕನ ಬೆರಳು ನಾಲ್ಕನೆಯವಳ ಮೇಲೆ ಕೂತಿತು.

"ಈಗ ಎರಡನೇದಾಕಿ ಅಂದ್ಯಲ್ಲಾ?"

ಅವನು ಬೆರಳು ತೆಗೆದ.

"ನಾ ಆಕಿನ್ನ ಕಂಡೇ ಇಲ್ಲವ್ವ. ಈ ಟಾಕೀಸಿನ್ಯಾಗ ಶೂಟಿಂಗ್ ಮುಗಿದ ಮ್ಯಾಲ ನಾ ಕೆಲಸಕ್ಕ ಸೇರಿದ್ದು. ಇಷ್ಟು ವರ್ಷದಿಂದ ಕೇಳಾಕತ್ತೀದಿ, ಬರಿಗೈಲಿ ಹ್ಯಾಂಗ ಕಳಸ್ಲಿ ಅಂತ…"

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆಕಿನ್ನ ನೋಡಿದವ್ರು ಯಾರರೆ ಅದಾರೇನು?"

"ಯಾರೂ ಇಲ್ಲ ತಾಯಿ."

ಕೆಳಗಿನಿಂದ ಕೆಲಸದವರು ಇಳಿದು ಬರಲು ತೆಲುಗಿನಲ್ಲಿ ಕೂಗಿದರು. ಭೀಮಲಿಂಗಪ್ಪ ರೀಲು ಸುತ್ತಲು ಹೋದಾಗ ಅದು ಹಪ್ಪಳದಂತೆ ಮುರಿದು ಚೂರಾಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ಶ್ರೀನು ಎಂಬವನ ಫೋಟೋ ಸ್ಟುಡಿಯೋ ಇತ್ತು. ಈಶ್ವರಿ ಒಳಗೆ ಹೋಗಿ ಫೋನು ಕೊಟ್ಟಳು. ಶ್ರೀನು ಚಿತ್ರವನ್ನು ಕಂಪ್ಯೂಟರಿಗೆ ಹಾಕಿ ಅವಳ ಕಡೆ ತಿರುಗಿಸಿದ.

"ಯಾವ ಮುಖ ದೊಡ್ಡದು ಮಾಡ್ಲಿ ಅಮ್ಮಾ? ಫ್ರೇಮ್ ಕಟ್ಟಿಸ್ತೀರೇನು?"

ಅವಳ ಬೆರಳು ಮೊದಲನೆಯವಳತ್ತ ಹೋಯಿತು, ಅಲ್ಲಿಂದ ಮೂರನೆಯವಳತ್ತ ಸರಿಯಿತು, ಎಲ್ಲಿಯೂ ನಿಲ್ಲಲಿಲ್ಲ. ಯಾರೋ ಗುರುತಿಲ್ಲದ ಹೆಂಗಸನ್ನು ಗೋಡೆಗೆ ಹಾಕಿ ದಿನಾ ಕೈಮುಗಿಯುವುದೇ?

"ಬ್ಯಾಡ ಬಿಡಪ್ಪ" ಎಂದು ಫೋನು ಇಸಕೊಂಡು ರಸ್ತೆಗೆ ಇಳಿದಳು.