ಅರ್ಧ ಸೆಂಟಿಮೀಟರ್

ಚಿನ್ನದ ಗಣಿ ಊರಿನ ನಂದಿದುರ್ಗದ ಲೈನ್ ಮನೆಯ ಮುನಿಶಾಮಮ್ಮ ಒಂದು ವರ್ಷ ಮೂಲವ್ಯಾಧಿ ಅಂದುಕೊಂಡೇ ನಾಟಿ ಔಷಧಿ ಕುಡಿದಳು. ರಕ್ತ ಹೋಗುವುದನ್ನು ಮಗಳು ಶ್ಯಾಮಲಾಳಿಗೂ ಹೇಳಲು ನಾಚಿಕೆ. ಕೊನೆಗೆ ಬಟ್ಟೆ ಒಗೆಯುವಾಗ ಕಲೆ ಅವಳ ಕಣ್ಣಿಗೆ ಬಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಗುದದ್ವಾರದ ಕ್ಯಾನ್ಸರ್ ಅಂದರು.

ಅಲ್ಲಿನ ಡಾಕ್ಟರ್ ಶಶಿರೇಖ ಸ್ಕ್ಯಾನ್ ತೋರಿಸಿ ತಾಯಿ ಮಗಳಿಗೆ ಬಿಡಿಸಿ ಹೇಳಿದರು. ಗಡ್ಡೆಯ ಸುತ್ತ ಗೆರೆ ಎಳೆದು ಅಷ್ಟಕ್ಕೇ ರೇಡಿಯೇಷನ್ ಕರೆಂಟು ಕೊಟ್ಟರೆ ಸಾಲದು. ಕಣ್ಣಿಗೆ ಕಾಣದ ರೋಗ ಆಚೆಗೂ ಇರುತ್ತದೆ, ಜೊತೆಗೆ ದಿನಾ ಮೆಷಿನ್ ಕೆಳಗೆ ಮಲಗುವಾಗ ಮೈ ಒಂದಿಷ್ಟು ಸರಿಯುತ್ತದೆ. ಅದಕ್ಕೇ ಗೆರೆಯಾಚೆ ಜಾಗ ಸೇರಿಸಬೇಕು. ಹೆಚ್ಚು ಸೇರಿಸಿದರೆ ಚರ್ಮ ಸುಡುತ್ತದೆ, ಕಮ್ಮಿಯಾದರೆ ರೋಗ ಉಳಿಯಬಹುದು.

ಮುನಿಶಾಮಮ್ಮ ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿಗೆ ಹೋಗಿ ಆಫೀಸು ಗುಡಿಸುವವಳು. ನಾಲ್ಕು ದಿನ ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ.

"ಜಾಸ್ತಿ ಸುಡಬ್ಯಾಡಿ ಡಾಕ್ಟ್ರಮ್ಮ," ಅಂದಳು. "ಕೆಲಸಕ್ಕೆ ಓಗ್ಬೇಕು ನಾನು."

ಶಶಿರೇಖ ಗೆರೆಯಾಚೆ ಎರಡೂವರೆ ಸೆಂಟಿಮೀಟರ್ ಸೇರಿಸಬೇಕೆಂದುಕೊಂಡಿದ್ದರು. ಪ್ಲಾನ್ ಮಾಡುವಾಗ ಆ ಮಾತು ನೆನಪಾಗಿ, ಚರ್ಮದ ಕಡೆ ಎರಡಕ್ಕೆ ಇಳಿಸಿದರು. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ತಪ್ಪಲ್ಲ.

ಹಾಗಿದ್ದೂ ನಾಲ್ಕನೇ ವಾರಕ್ಕೆ ಚರ್ಮ ಕಿತ್ತು ಬಂತು. ಕೂರಲಾಗದೆ ಮುನಿಶಾಮಮ್ಮ ಮನೆ ಹಿಡಿದಳು, ಕೆಲಸ ಹೋಯಿತು. ಕರೆಂಟು ಮುಗಿದ ಮೇಲೂ ಗಾಯ ಮಾಯಲು ಎರಡು ತಿಂಗಳಾಯಿತು. ಆಮೇಲೆ ಗಡ್ಡೆ ಕರಗಿದೆ ಎಂದು ಡಾಕ್ಟರು ಹೇಳಿದಾಗ ಶ್ಯಾಮಲಾ ಅಲ್ಲೇ ಅತ್ತುಬಿಟ್ಟಳು.

ಹನ್ನೊಂದು ತಿಂಗಳಿಗೆ ಪಕ್ಕದ ಚರ್ಮದಲ್ಲಿ ಗಂಟು ಸಿಕ್ಕಿತು. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೂ ಹೋಗಿತ್ತು, ಆಪರೇಷನ್ನಿನಿಂದ ಪ್ರಯೋಜನವಿರಲಿಲ್ಲ. ಶಶಿರೇಖ ಹಳೆಯ ಪ್ಲಾನನ್ನು ಹೊಸ ಸ್ಕ್ಯಾನಿನ ಮೇಲಿಟ್ಟು ನೋಡಿದರು. ಗಂಟು ಎದ್ದದ್ದು ತಾವು ಬಿಟ್ಟ ಅರ್ಧ ಸೆಂಟಿಮೀಟರಿನಲ್ಲಿ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹೇಳಿದರು.

"ಅಮ್ಮನಿಗೇನು ಗೊತ್ತು ಮೇಡಂ? ಅವಳ ಮಾತು ಯಾಕೆ ಕೇಳಿದ್ರಿ?" ಅಂದಳು ಶ್ಯಾಮಲಾ.

ಅಷ್ಟನ್ನೂ ಸೇರಿಸಿದ್ದರೆ ಉಳಿಯುತ್ತಿದ್ದರೇ ಎಂಬುದು ತಮಗೂ ತಿಳಿಯದು ಎಂದರು ಶಶಿರೇಖ. ಮುನಿಶಾಮಮ್ಮ ಮಗಳ ಕೈ ಹಿಡಿದು, "ಕೇಳಿದ್ದು ನಾನೇ ಕಣಮ್ಮಿ, ಬುಡು," ಅಂದಳು.

ಶ್ಯಾಮಲಾಳಿಗೆ ಬಿಡಲಾಗಲಿಲ್ಲ. ಗಂಟು ಒಡೆದು ಆದ ಹುಣ್ಣು ತೊಳೆಯುವಾಗಲೆಲ್ಲ ಡಾಕ್ಟರ ಮೇಲೆ ಸಿಟ್ಟು ಬರುತ್ತಿತ್ತು. ಒಂದು ವರ್ಷ ಬಾಯಿ ಬಿಡದ ಅಮ್ಮನ ಮೇಲೆ ಅದಕ್ಕಿಂತ ಹೆಚ್ಚು. ಆ ಸಿಟ್ಟಿನಲ್ಲೇ ಕೈ ಒರಟಾಗುತ್ತಿತ್ತು. ಮುನಿಶಾಮಮ್ಮ ಸೆರಗು ಕಚ್ಚಿಕೊಳ್ಳುತ್ತಿದ್ದಳು.

ಆಷಾಢದಲ್ಲಿ ಅವಳು ತೀರಿಕೊಂಡಳು. ವಾರದ ಮೇಲೆ ಶಶಿರೇಖ ಎರಡು ಸಲ ಫೋನ್ ಮಾಡಿದರು. ಶ್ಯಾಮಲಾ ಫೋನಿನಲ್ಲಿ ಮೂಡಿದ ಹೆಸರು ನೋಡುತ್ತಾ ಕೂತಿದ್ದಳು, ಎತ್ತಲಿಲ್ಲ.