ಸೇತುವೆ ತೆರೆದ ತಾರೀಖು

ಪತ್ರಿಕಾ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಆಕೆ ತಾರೀಖಮ್ಮ. ಏಳನೇ ಪುಟದ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ‘ಇದೇ ದಿನ’ ಬರೆಯುತ್ತಿದ್ದವಳು. ಯಾವ ರಾಜ ಪಟ್ಟವೇರಿದ, ಯಾವ ಹಡಗು ಮುಳುಗಿತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಸ್ವಂತ ಮದುವೆಯ ದಿನವನ್ನು ಮಾತ್ರ ಗಂಡನೇ ನೆನಪಿಸಬೇಕು.

ಅಂದು ಹನ್ನೆರಡನೇ ತಾರೀಖು. ‘ಅರವತ್ತು ವರ್ಷದ ಹಿಂದೆ ಇದೇ ದಿನ ನಮ್ಮ ಸೇತುವೆ ತೆರೆಯಿತು’ ಎಂದು ಅಂಕಣದಲ್ಲಿ ಬಂದಿತ್ತು. ಬೆಳಗಾಗುತ್ತಲೇ ಓದುಗರ ಫೋನು ಶುರುವಾಯಿತು. ಸೇತುವೆಯ ಕಲ್ಲಿನ ಮೇಲೆ ಹದಿಮೂರು ಅಂತಿದೆಯಲ್ಲ!

ಹೊಸ ಸಂಪಾದಕರು ಕರೆಸಿದರು. “ನೋಡೀಮ್ಮ, ಇದೆಲ್ಲ ಈಗ ಎಲ್ಲರ ಮೊಬೈಲಲ್ಲೂ ಸಿಗುತ್ತೆ. ಅದರಲ್ಲೂ ಹದಿಮೂರೇ ಇದೆ. ನಾಳೆ ‘ತಪ್ಪಾಯ್ತು’ ಅಂತ ಹಾಕಿ, ಅಂಕಣಾನೂ ನಿಲ್ಲಿಸಿಬಿಡೋಣ.”

“ತಪ್ಪು ಆ ಕಲ್ಲಿಂದು ಸಾರ್. ರಿಪೇರಿ ಕಾಲದಲ್ಲಿ ನೆಟ್ಟಿದ್ದು. ನಮ್ಮ ಹದಿಮೂರನೇ ತಾರೀಖಿನ ಪತ್ರಿಕೆ ನೋಡಿ ಯಾರೋ ಪುಣ್ಯಾತ್ಮ ತಾರೀಖು ಇಳಿಸಿಕೊಂಡಿದ್ದಾನೆ. ಪತ್ರಿಕೇಲಿ ಬರೋದು ನಿನ್ನೆ ಸುದ್ದಿ ಅಂತ ಅವನಿಗೆ ಹೊಳೀಲೇ ಇಲ್ಲ.”

“ಬಾಯಿಮಾತು ಬೇಡ. ಐದು ಗಂಟೆಯೊಳಗೆ ಕಾಗದ ತೋರಿಸಿ.”

ಹಳೆಯ ಸಂಚಿಕೆಗಳ ಕೋಣೆಗೆ ಹೋಗಿ ಅರವತ್ತು ವರ್ಷದ ಹಿಂದಿನ ಹದಿಮೂರರ ಪತ್ರಿಕೆ ಬಿಚ್ಚಿದಳು. ಸುದ್ದಿಯಿದ್ದ ಜಾಗವನ್ನು ಗೆದ್ದಲು ತಿಂದು ತೇಗಿತ್ತು. ಅವಳಿಗೆ ಗೆದ್ದಲಿನ ಮೇಲೂ ಸಂಪಾದಕರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಸೆರಗು ಸಿಕ್ಕಿಸಿ ಆ ವಾರದ ಒಂದೊಂದೇ ಪುಟ ತಿರುವಿದಳು. ಹದಿನೈದರ ಸಂಚಿಕೆಯ ಜನನದ ಪ್ರಕಟಣೆಗಳಲ್ಲಿ ಸಿಕ್ಕಿತು: ‘ಹನ್ನೆರಡರಂದು, ಆಗಷ್ಟೇ ತೆರೆದ ಸೇತುವೆ ದಾಟಿ ಆಸ್ಪತ್ರೆ ಸೇರಿದ ಗಡಿಯಾರದಂಗಡಿಯವರ ಪತ್ನಿಗೆ ಹೆಣ್ಣು ಮಗು.’

ಒಂದೇ ಸಾಲನ್ನು ನಂಬಿ ಕೂರುವ ಜಾಯಮಾನ ಅವಳದಲ್ಲ. ಸಂಚಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಎರಡು ಬೀದಿ ಆಚೆಯ ಗಡಿಯಾರದಂಗಡಿಗೆ ಓಡಿದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಮುಳ್ಳು ಕೂರಿಸುತ್ತಿದ್ದಳು.

“ನಿಮ್ಮ ಹುಟ್ಟಿದ ದಿನ ಯಾವತ್ತಕ್ಕಾ?”

“ಇವತ್ತೇ. ಅರವತ್ತಾಯ್ತು. ಯಾಕೆ?”

ತಾರೀಖಮ್ಮ ಪುಟ ಬಿಚ್ಚಿದಳು. ಆಕೆ ಓದಿದಳು, ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಓದಿದಳು.

“ಸೇತುವೆ ತೆರೆದ ದಿನಾನೇ ನೀನು ಹುಟ್ಟಿದ್ದು, ಇಲ್ಲದಿದ್ರೆ ಇಬ್ಬರೂ ಉಳೀತಿರಲಿಲ್ಲ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ಲು. ಆ ಕಲ್ಲು ನೆಟ್ಟ ಮೇಲೆ ಎಲ್ಲರೂ ನಕ್ಕುಬಿಟ್ರು. ನಾನೂ ನಕ್ಕೆ ಕಣಮ್ಮ.”

ಅಂಗಡಿಗೆ ಬೀಗ ಹಾಕಿ ಆಕೆ ಮನೆಯಿಂದ ತನ್ನ ಜನನ ಪ್ರಮಾಣಪತ್ರ ತಂದಳು. ಐದಕ್ಕೆ ಐದು ನಿಮಿಷವಿರುವಾಗ ಸಂಪಾದಕರ ಮೇಜಿನ ಮೇಲೆ ಪತ್ರಿಕೆಯೂ ಜನನ ಪ್ರಮಾಣಪತ್ರವೂ ಅಕ್ಕಪಕ್ಕ ಕೂತಿದ್ದವು. ಸಂಪಾದಕರು ಎರಡನ್ನೂ ನೋಡಿ ಎದ್ದು ನಿಂತರು.

“ನಾಳೆ ಮೊದಲ ಪುಟಕ್ಕೆ ಬರೀರಿ.”

“ಅಂಕಣ ನಿಲ್ಲಿಸೋದು?”

“ಯಾರು ಹಾಗಂದ್ರು?”

ಮುಂದಿನ ವಾರ ನಗರಸಭೆಯವರು ಹೊಸ ಕಲ್ಲು ನೆಟ್ಟರು. ನೆರೆದ ಜನರನ್ನು ಸರಿಸಿಕೊಂಡು ಗಡಿಯಾರದಾಕೆ ಮುಂದೆ ಬಂದು, ಹನ್ನೆರಡರ ಮೇಲೆ ಅಂಗೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: “ಅಮ್ಮಾ, ನೀನು ಹೇಳಿದ್ದೇ ಸರಿ!”

ಮೊದಲ ಚಪ್ಪಾಳೆ ತಾರೀಖಮ್ಮನದು.