ಕೆಲೆಪಿಯ ಮನೆಗೆ ವ್ಯಾನ್ ಬಂದದ್ದು

ಭಾನುವಾರದ ಪ್ರಾರ್ಥನೆ ಮುಗಿದು ಜನರೆಲ್ಲ ಚರ್ಚಿನ ಪಕ್ಕದ ಸಭಾಂಗಣಕ್ಕೆ ಬಂದಿದ್ದರು. ಉದ್ದನೆಯ ಮೇಜಿನ ಮೇಲೆ ಹೆಂಗಸರು ಊಟ ಜೋಡಿಸುತ್ತಿದ್ದರು. ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ ಕುರಿಮಾಂಸದ ಘಮ ಬಾಗಿಲಿನವರೆಗೂ ಬರುತ್ತಿತ್ತು. ಮಕ್ಕಳು ಆಗಲೇ ತಟ್ಟೆ ಹಿಡಿದು ನಿಂತಿದ್ದವು. ಅಷ್ಟರಲ್ಲಿ ಲೂಪೆ ಎದ್ದು, ಊಟಕ್ಕೆ ಮುಂಚೆ ಎರಡು ಮಾತಾಡುತ್ತೇನೆ ಎಂದಳು.

ಲೂಪೆ, ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಹಗಲುಮನೆಯಲ್ಲಿ ಕೆಲಸ ಮಾಡುವವಳು. ಅವರೆಲ್ಲ ವಾಸವಿದ್ದ ಮಾಂಗೆರೆ ಬಡಾವಣೆಯ ಮಾರುಕಟ್ಟೆಯ ಹಿಂದಿನ ಹಳೇ ಶಾಲೆಯ ಕಟ್ಟಡದಲ್ಲಿ ಆ ಹಗಲುಮನೆ ಶುರುವಾಗಿ ಒಂದು ವರ್ಷವಾಗಿತ್ತು. ಸಮೋವಾ ದ್ವೀಪದಿಂದ ವಲಸೆ ಬಂದವರು ಬರುತ್ತಿದ್ದರು, ಆ ದೇಶದ ಮೂಲನಿವಾಸಿಗಳಾದ ಮಾವೊರಿಗಳು ಬರುತ್ತಿದ್ದರು. ಈ ಚರ್ಚಿನವರ ಹಾಗೆ ತೊಂಗಾ ದ್ವೀಪದಿಂದ ಬಂದವರು ಮಾತ್ರ ಯಾರೂ ಅತ್ತ ತಲೆ ಹಾಕಿರಲಿಲ್ಲ.

"ಬೆಳಿಗ್ಗೆ ವ್ಯಾನ್ ಬಂದು ಕರ್ಕೊಂಡು ಹೋಗುತ್ತೆ, ಮೂರು ಗಂಟೆ ಮೇಲೆ ತಂದು ಬಿಡುತ್ತೆ. ನಮ್ಮ ಭಾಷೇಲೇ ಮಾತಾಡಿಸ್ತೀವಿ, ನಮ್ಮ ಊಟನೇ ಹಾಕ್ತೀವಿ. ಸ್ನಾನ ಮಾಡಿಸೋಕೆ ಮನೆಗೇ ಬರೋ ಹೆಂಗಸರೂ ಇದಾರೆ," ಎಂದಳು ಲೂಪೆ. "ಇದಕ್ಕೆಲ್ಲ ಸರ್ಕಾರ ದುಡ್ಡು ಕೊಡುತ್ತೆ. ನಮ್ಮಲ್ಲಿ ಕೇಳೋರಿಲ್ಲ ಅಷ್ಟೆ. ಮನೇಲಿ ಒಬ್ಬರೇ ನೋಡ್ಕೊಳ್ತಾ ಇರೋರಿಗೆ ಸ್ವಲ್ಪ ಉಸಿರಾಡೋಕಾದ್ರೂ ಬಿಡುವು ಬೇಡ್ವಾ?"

ಮುಂದಿನ ಸಾಲಿನಿಂದ ಕೆಲೆಪಿ ಎದ್ದು ನಿಂತ. ಅವನು ಆ ಚರ್ಚಿನ ಹಿರಿಯ ಮೇಲ್ವಿಚಾರಕ. ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವವರ ಮೇಸ್ತ್ರಿ. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಅವನು ಮಾತಾಡಿದರೆ ಜನಕ್ಕೆ ಖುಷಿ.

"ಅಲ್ಲಮ್ಮ ಲೂಪೆ, ಬೆಳಿಗ್ಗೆ ಹಾಕಿ ಸಂಜೆ ಈಸ್ಕೊಳ್ಳೋಕೆ ನಮ್ಮ ಅಪ್ಪ ಅಮ್ಮ ಏನು ಲಾಂಡ್ರಿ ಬಟ್ಟೇನಾ?" ಎಂದ.

ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು.

"ಬಿಳಿಯರಿಗೆ ಇದೆಲ್ಲ ಬೇಕು, ಪಾಪ. ಅವರ ಮನೇಲಿ ಜನ ಇರಲ್ಲ," ಕೆಲೆಪಿ ಮುಂದುವರಿಸಿದ. "ನಮ್ಮಮ್ಮನಿಗೆ ಮರೆವು ಬಂದು ನಾಲ್ಕು ವರ್ಷ ಆಯ್ತು. ಒಂದು ದಿನ ಹೊರಗಿನವರ ಕೈಗೆ ಕೊಟ್ಟಿಲ್ಲ. ನಾವು ಸಾಕ್ತಾ ಇಲ್ವಾ? ತೊಂಗಾದವರ ಮಕ್ಕಳು ಅಂದ್ಮೇಲೆ ಅಷ್ಟೂ ಮಾಡ್ದೇ ಇದ್ರೆ ಹೆಂಗೆ?"

ಚಪ್ಪಾಳೆ ಬಿತ್ತು. ಲೂಪೆಯ ಮುಖ ಕೆಂಪಗಾಯಿತು. ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಮೇಜಿನ ಆ ತುದಿಯಲ್ಲಿ ಗೆಣಸು ಜೋಡಿಸುತ್ತಿದ್ದ ಕೆಲೆಪಿಯ ಹೆಂಡತಿ ಲೊಸಲೀನೆ ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಕೆಲೆಪಿಯ ತಾಯಿ ತಾಲಿತಾ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಲೊಸಲೀನೆ ಮೆಲ್ಲಗೆ ಕೇಳಿದಳು:

"ವಾರಕ್ಕೆ ಒಂದೇ ದಿನ ಕಳಿಸಿ ನೋಡೋಣ್ವಾ?"

"ಏನು ಹೇಳ್ತಿದೀಯ? ಈಗ ತಾನೆ ಅಷ್ಟು ಜನರ ಮುಂದೆ ಮಾತಾಡಿ ಬಂದಿದೀನಿ."

"ಮಾತಾಡಿದ್ದು ನೀವು. ಮಾಡ್ತಾ ಇರೋದು ನಾನು."

ಕೆಲೆಪಿಯ ಮಟ್ಟಿಗೆ ತಾನೂ ಮಾಡುತ್ತಲೇ ಇದ್ದ. ಕೆಲಸದಿಂದ ಬಂದ ಕೂಡಲೇ ತಾಯಿಯ ಹಣೆಗೆ ಮುತ್ತಿಡುತ್ತಿದ್ದ. ಊಟವಾದ ಮೇಲೆ ಅವಳ ಪಕ್ಕ ಕೂತು ಸ್ತುತಿಗೀತೆ ಹಾಡುತ್ತಿದ್ದ. ಅವಳು ಸ್ನಾನ ಮಾಡಿ, ಎಣ್ಣೆ ಹಚ್ಚಿ, ಬಾಚಿದ ತಲೆಯಲ್ಲಿ ಕೂತಿರುತ್ತಿದ್ದಳು. ಅವಳನ್ನು ಹಾಗೆ ಕೂರಿಸಲು ಹಗಲೆಲ್ಲ ಏನು ನಡೆದಿರುತ್ತಿತ್ತು ಎಂದು ಅವನು ಕೇಳಿದವನಲ್ಲ. ಹಸಿಯಾದ ಹಾಸಿಗೆ, ಉಗುಳಿದ ಅನ್ನ, ಇಲ್ಲದ ಕೋಳಿಗಳನ್ನು ಕರೆಯುತ್ತ ಮತ್ತೆ ಮತ್ತೆ ಬೀದಿಗಿಳಿಯುವ ಅತ್ತೆ, ಅವಳ ಹಿಂದೆ ಓಡುವ ಸೊಸೆ, ಇವೆಲ್ಲ ಅವನು ಬರುವಷ್ಟರಲ್ಲಿ ಮುಗಿದಿರುತ್ತಿದ್ದವು. ಲೊಸಲೀನೆಯ ಪಿತ್ತಕೋಶದಲ್ಲಿ ಕಲ್ಲಿತ್ತು. ಆಪರೇಷನ್‌ಗೆ ಆಸ್ಪತ್ರೆಯವರು ಕೊಟ್ಟ ದಿನವನ್ನು ಅವಳು ಎರಡು ಸಲ ಮುಂದೂಡಿದ್ದಳು. "ಅತ್ತೇನ ಯಾರು ನೋಡ್ಕೊಳ್ತಾರೆ?" ಎಂದು ಅವಳು ಕೇಳಿದಾಗ, "ಹೂಂ, ಅದೂ ನಿಜ," ಎಂದಿದ್ದ ಕೆಲೆಪಿ.

ಮೂರನೇ ಸಲ ಮುಂದೂಡಲು ಆಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದಳು. ಆಂಬುಲೆನ್ಸ್ ಬಂತು.

ಕೆಲೆಪಿ ರಜೆ ಹಾಕಿದ. ಮೊದಲ ದಿನ ಧೈರ್ಯವಾಗಿಯೇ ಇದ್ದ. ಚರ್ಚಿನ ಹೆಂಗಸರು ಊಟ ತಂದುಕೊಟ್ಟರು. ಬಾಗಿಲಲ್ಲೇ ನಿಂತು ವಿಚಾರಿಸಿದರು. "ಎಲ್ಲ ಸರಿ ಇದೆ, ನಾನಿದ್ದೀನಲ್ಲ," ಎಂದು ಅವನು ಅಂದ ಮೇಲೆ ಒಳಗೆ ಬರಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಆದರೆ ತಾಯಿಗೆ ಮಗ ಸ್ನಾನ ಮಾಡಿಸುವುದು ಅವರಲ್ಲಿ ಎಲ್ಲೂ ಇಲ್ಲ. ಅವನು ಕಣ್ಣು ಬೇರೆ ಕಡೆ ತಿರುಗಿಸಿ, ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದರೆ ತಾಲಿತಾ ಚೀರಿದಳು.

"ಯಾರಪ್ಪ ನೀನು? ನಾಚಿಕೆ ಆಗಲ್ವಾ ನಿಂಗೆ? ಲೊಸಲೀನೇ! ಲೊಸಲೀನೇ!"

ಅವಳು ನೆನಪಿಟ್ಟುಕೊಂಡಿದ್ದ ಹೆಸರು ಅದೊಂದೇ. ಕೆಲೆಪಿ ಬಚ್ಚಲಿನ ಹೊರಗೆ ಬಂದು ಗೋಡೆಗೆ ಹಣೆ ಒತ್ತಿ ನಿಂತ. ಮಾರನೆಯ ದಿನ ಸ್ನಾನವನ್ನೇ ಬಿಟ್ಟ. ರಾತ್ರಿ ನಿದ್ದೆ ಇರಲಿಲ್ಲ. ಬುಧವಾರ ಅವಳು ಬೀದಿಗೆ ಹೋದಾಗ ಕೈ ಹಿಡಿದು ಎಳೆದುಕೊಂಡು ಬಂದ. ಎಳೆದದ್ದು ಸ್ವಲ್ಪ ಜೋರಾಯಿತು ಎಂದು ಅವನಿಗೇ ತಿಳಿಯಿತು.

ಗುರುವಾರ ಸಂಜೆ ಚರ್ಚಿನ ದೊಡ್ಡ ಸಭೆ. ತೊಂಗಾದಿಂದ ಹಿರಿಯ ಪಾದ್ರಿ ಬಂದಿದ್ದರು. ಸಭೆಯನ್ನು ಸ್ವಾಗತಿಸಬೇಕಾದವನು ಕೆಲೆಪಿ. ತಾಯಿಯ ಹತ್ತಿರ ಕೂರಲು ತಮ್ಮನ ಹೆಂಡತಿ ಬರುತ್ತೇನೆ ಎಂದಿದ್ದಳು. ಹೊತ್ತಾದರೂ ಅವಳ ಸುಳಿವಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕೆಲೆಪಿ ಕರಿ ಅಂಗಿ ತೊಟ್ಟು, ತೊಂಗಾದವರು ಸಭೆಗೆ ಗೌರವದಿಂದ ಉಡುವ ಹಾಗೆ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿ, ಅದರ ಮೇಲೆ ಒಳ್ಳೆಯ ನಾರುಹಗ್ಗ ಬಿಗಿದು ತಯಾರಾಗಿ ನಿಂತಿದ್ದ. ತಾಲಿತಾ ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದಳು.

"ಕೋಳಿ ಒಳಗೆ ಬಂದಿಲ್ಲ ಕಣೋ. ಕತ್ತಲಾಗುತ್ತೆ. ಬಾಗಿಲು ತೆಗಿ."

"ಅಮ್ಮ, ಕೂತ್ಕೋ."

"ತೆಗಿಯೋ ಬಾಗಿಲು!"

ಗೂಡಿನಲ್ಲಿ ಅವನ ಹಳೆಯ ನಾರುಹಗ್ಗ ಇತ್ತು. ಅದನ್ನು ತೆಗೆದುಕೊಳ್ಳುವಾಗ ಅವನು ಏನನ್ನೂ ಯೋಚಿಸಲಿಲ್ಲ. ಆಮೇಲೆ ಎಷ್ಟು ನೆನಪಿಸಿಕೊಂಡರೂ ಆ ಗಳಿಗೆಯಲ್ಲಿ ತಲೆಯೊಳಗೆ ಏನೂ ಇರಲಿಲ್ಲ ಎನ್ನುವುದೊಂದೇ ಅವನಿಗೆ ಸಿಗುತ್ತಿತ್ತು. ತಾಯಿಯನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಹೊಟ್ಟೆಯ ಮೇಲೆ ದಿಂಬಿಟ್ಟು, ಹಗ್ಗವನ್ನು ಸುತ್ತಿ ಕುರ್ಚಿಯ ಹಿಂದೆ ಗಂಟು ಹಾಕಿದ. ಟಿ.ವಿ. ಹಚ್ಚಿದ. "ಈಗ ಬಂದ್ಬಿಡ್ತೀನಿ ಅಮ್ಮ," ಎಂದು ಹಣೆಗೆ ಮುತ್ತಿಟ್ಟು ಹೋದ.

ಸ್ವಾಗತದ ಮಾತು ಹೇಳಿ ಎದ್ದು ಬರಬೇಕು ಎಂದುಕೊಂಡಿದ್ದ. ಹಿರಿಯ ಪಾದ್ರಿ ಅವನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. "ತಾಯೀನ ಇಷ್ಟು ಚೆನ್ನಾಗಿ ನೋಡ್ಕೊಳ್ತಾ ಇದೀಯಂತೆ. ಎಲ್ಲರೂ ಹೇಳಿದ್ರು," ಎಂದರು. ಕೆಲೆಪಿಗೆ ಏಳಲು ಕಾಲು ಬರಲಿಲ್ಲ. ಸಭೆ ಮುಗಿಯುವವರೆಗೂ ಕೂತಿದ್ದ.

ಬೇಸಿಗೆಯ ಸಂಜೆ, ಇನ್ನೂ ಬೆಳಕಿತ್ತು. ಮನೆಯ ಮುಂದೆ ಲೂಪೆಯ ಪುಟ್ಟ ಕಾರು ನಿಂತಿರುವುದನ್ನು ಅವನು ಬೀದಿಯ ತಿರುವಿನಲ್ಲೇ ಕಂಡ.

ಲೂಪೆ ಆ ಮಧ್ಯಾಹ್ನ ಆಸ್ಪತ್ರೆಗೆ ಹೋಗಿದ್ದಳು. ಆಪರೇಷನ್ ಆಗಿ ಮಲಗಿದ್ದ ಲೊಸಲೀನೆ ಮನೆಯ ಕೀಲಿಕೈ ಕೊಟ್ಟು, "ಒಂದ್ಸಲ ಹೋಗಿ ನೋಡ್ಕೊಂಡು ಬಾ, ನಂಗ್ಯಾಕೋ ಜೀವ ನಿಲ್ತಿಲ್ಲ," ಎಂದಿದ್ದಳು.

ಒಳಗೆ ತಾಲಿತಾ ಬೇರೆ ಬಟ್ಟೆ ಉಟ್ಟು, ತಲೆ ಬಾಚಿಸಿಕೊಂಡು, ಲೂಪೆ ತುತ್ತು ಮಾಡಿ ಕೊಡುತ್ತಿದ್ದುದನ್ನು ತಿನ್ನುತ್ತಿದ್ದಳು. ಅವಳ ಮೊಣಕೈಯ ಒಳಭಾಗದಲ್ಲಿ ಚರ್ಮ ತರಚಿ ಕೆಂಪಾಗಿತ್ತು. ಕುರ್ಚಿಯ ಮೆತ್ತೆಯನ್ನು ತೊಳೆದು ಹಿತ್ತಲಲ್ಲಿ ಒಣಹಾಕಿದ್ದಳು ಲೂಪೆ. ಹಗ್ಗ ಎಲ್ಲಿದೆ ಎಂದು ಕೆಲೆಪಿ ಹುಡುಕಲಿಲ್ಲ.

ಲೂಪೆ ಅವನ ಕಡೆ ತಿರುಗಲಿಲ್ಲ. ತುತ್ತು ಕೊಡುತ್ತಲೇ ಇದ್ದಳು.

ಅವನ ಬಾಯಿಂದ ಮೊದಲು ಬಂದ ಮಾತು, "ಯಾರಿಗೂ ಹೇಳ್ಬೇಡ ಲೂಪೆ," ಎಂಬುದು. ಹೇಳಿದ ಮೇಲೆ, ತಾಯಿ ಹೇಗಿದ್ದಾಳೆ ಎಂದು ಕೇಳುವ ಮುಂಚೆ ತನ್ನ ಮಾನದ ಚಿಂತೆ ಮಾಡಿದೆ ಎಂದು ಅವನಿಗೆ ಹೊಳೆಯಿತು. ಕಿವಿ, ಕುತ್ತಿಗೆ ಎಲ್ಲ ಬಿಸಿಯಾಯಿತು.

"ಅವ್ವ ಅಳ್ತಾ ಇದ್ರು, ಕೆಲೆಪಿಯಣ್ಣ," ಎಂದಳು ಲೂಪೆ. "ಅವರಮ್ಮನ್ನ ಕರೀತಾ ಇದ್ರು. ಏನೋ ತಪ್ಪು ಮಾಡಿಬಿಟ್ಟಿದೀನಿ, ಅದಕ್ಕೇ ಕಟ್ಟಿ ಹಾಕಿದಾರೆ ಅಂದ್ಕೊಂಡಿದ್ರು. ಇನ್ನು ಮಾಡಲ್ಲ, ಬಿಚ್ಚಮ್ಮ, ಅಂತಿದ್ರು."

ಕೆಲೆಪಿ ನೆಲದ ಮೇಲೆ ಕೂತುಬಿಟ್ಟ.

"ನಾನು ಹೊಡಿಲಿಲ್ಲ," ಎಂದ.

"ಗೊತ್ತು."

"ಸಭೆ ಇತ್ತು. ತಮ್ಮನ ಹೆಂಡತಿ ಬರ್ತೀನಿ ಅಂದೋಳು ಬರಲಿಲ್ಲ..."

"ಅದೂ ಗೊತ್ತು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು. ಲೊಸಲೀನೆ ಅಕ್ಕನ ಕೈಲೂ ಆಗ್ತಿರಲಿಲ್ಲ." ಲೂಪೆ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಆದ್ರೆ ಇನ್ನೊಂದ್ಸಲ ಹಿಂಗಾದ್ರೆ ನಾನು ಸುಮ್ಮನಿರಲ್ಲ. ಹೇಳಬೇಕಾದವರಿಗೆ ಹೇಳ್ತೀನಿ. ನಾಳೆ ಬೆಳಿಗ್ಗೆ ವ್ಯಾನ್ ಬರುತ್ತೆ. ಅದಕ್ಕೂ ಮುಂಚೆ ಸ್ನಾನ ಮಾಡಿಸೋಕೆ ಒಬ್ಬರು ಬರ್ತಾರೆ. ನೀವು ಬಾಗಿಲು ತೆಗೀರಿ, ಸಾಕು."

ಬೆಳಿಗ್ಗೆ ಅವನು ಬಾಗಿಲು ತೆಗೆದ. ಸ್ನಾನ ಮಾಡಿಸಲು ಬಂದ ಹೆಂಗಸು ತೊಂಗಾದವಳೇ. ಬಚ್ಚಲಿನಿಂದ ತಾಲಿತಾ ಏನೋ ಹೇಳುವುದೂ ಅವಳು ನಗುವುದೂ ಕೇಳಿಸಿತು. ವ್ಯಾನ್ ಬಂದಾಗ ಎದುರು ಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು. ಅವರೂ ಅದೇ ಚರ್ಚಿನವರು. ಕೆಲೆಪಿ ತಲೆ ತಗ್ಗಿಸಿಕೊಂಡೇ ತಾಯಿಯನ್ನು ಹತ್ತಿಸಿದ. ಅವಳು ರಂಪ ಮಾಡುತ್ತಾಳೆ ಎಂದುಕೊಂಡಿದ್ದ. ಅವಳು ಪಕ್ಕದಲ್ಲಿ ಕೂತಿದ್ದ ಸಮೋವಾದ ಮುದುಕಿಯ ಕೈಯನ್ನು ಹಿಡಿದುಕೊಂಡು, ಅವನನ್ನು ಮರೆತೇಬಿಟ್ಟಳು.

ಅಲ್ಲಿಂದ ಅವನು ನೇರ ಆಸ್ಪತ್ರೆಗೆ ಹೋದ. ಲೊಸಲೀನೆಗೆ ಲೂಪೆ ಏನೂ ಹೇಳಿರಲಿಲ್ಲ. "ಎಲ್ಲ ಸರಿ ಇದೆ" ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದ.

ಲೊಸಲೀನೆ ಹೊದಿಕೆಯ ಅಂಚನ್ನು ಮಡಿಸುತ್ತಿದ್ದಳು.

"ನಾನೂ ಕೂಡಿಹಾಕಿದ್ದೆ," ಎಂದಳು ಕೊನೆಗೆ.

"ಏನು?"

"ಹೊರಗಿಂದ ಬೀಗ ಹಾಕ್ಕೊಂಡು ಅಂಗಡಿಗೆ ಹೋಗಿದ್ದೆ. ಸುಮಾರು ಸಲ. ವಾಪಸ್ ಬಂದಾಗ ಬಾಗಿಲು ಬಡೀತಾ ನಿಂತಿರೋರು. ಕೈಯೆಲ್ಲ ಊದಿಕೊಂಡಿರೋದು. ಎಣ್ಣೆ ಹಚ್ಚಿ ಉಜ್ಜಿ, ನೀವು ಬರೋ ಹೊತ್ತಿಗೆ ಸರಿ ಮಾಡ್ತಿದ್ದೆ."

"ನಂಗ್ಯಾಕೆ ಹೇಳಲಿಲ್ಲ?"

ಲೊಸಲೀನೆ ಅವನ ಮುಖವನ್ನೇ ನೋಡಿದಳು. ಕೋಪವಿಲ್ಲದ ನೋಟ, ಬರೀ ದಣಿವು. "ಹೆಂಗೆ ಹೇಳ್ಲಿ? ನೀವು ಪ್ರತಿ ಭಾನುವಾರ ಎದ್ದು ನಿಂತು ನಮ್ಮನೆ ಬಗ್ಗೆ ಅಷ್ಟು ಚೆನ್ನಾಗಿ ಹೇಳ್ತಿದ್ರಿ."

ಕೆಲೆಪಿಗೆ ಹಿಂದಿನ ಸಂಜೆಗಿಂತ ಈಗ ಹೆಚ್ಚು ನಾಚಿಕೆಯಾಯಿತು. ಸಂಜೆಯದು ಒಂದು ಗಳಿಗೆಯ ತಪ್ಪು. ಇದು ನಾಲ್ಕು ವರ್ಷ ತನ್ನ ಕಣ್ಣೆದುರಿಗೇ ಕೂತಿತ್ತು.

ಮುಂದಿನ ಭಾನುವಾರ ಪ್ರಕಟಣೆಗಳನ್ನು ಓದಲು ಕೆಲೆಪಿ ಎದ್ದಾಗ ಲೂಪೆ ಹಿಂದಿನ ಬೆಂಚಿನಲ್ಲಿದ್ದಳು. ಮದುವೆ, ಹಾಡಿನ ಅಭ್ಯಾಸ, ಶವಸಂಸ್ಕಾರ ಎಲ್ಲ ಓದಿದ ಮೇಲೂ ಅವನು ಕೂರಲಿಲ್ಲ.

"ಅವತ್ತು ನಾನು ಲೂಪೆ ಮಾತಿಗೆ ನಗಾಡಿದೆ. ನಿಮ್ಮನ್ನೂ ನಗಿಸಿದೆ," ಎಂದ. "ನಮ್ಮಮ್ಮ ಇನ್ನು ಮೇಲೆ ವಾರಕ್ಕೆ ಮೂರು ದಿನ ಆ ಹಗಲುಮನೆಗೆ ಹೋಗ್ತಾರೆ. ಲೊಸಲೀನೆ ಆಸ್ಪತ್ರೆಯಿಂದ ಬಂದ್ಮೇಲೂ ಹೋಗ್ತಾರೆ. ಲೂಪೆ, ತಪ್ಪಾಯ್ತಮ್ಮ."

ಉಳಿದದ್ದನ್ನೂ ಹೇಳಬೇಕೆಂದೇ ಎದ್ದಿದ್ದ. ಆದರೆ ಪ್ರಕಟಣೆಯ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಸುಮ್ಮನೆ ಕೂತ.

ಊಟವಾದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಮೈಕೋಲೊ ಬಂದು ಅವನ ಪಕ್ಕ ನಿಂತ. ಮೈಕೋಲೊ ಹಾಡಿನ ತಂಡದ ಹಿರಿಯ, ಎಪ್ಪತ್ತು ದಾಟಿದವನು. ಅವನ ಹೆಂಡತಿ ಮಂಡಿನೋವೆಂದು ಚರ್ಚಿಗೆ ಬಾರದೆ ತಿಂಗಳುಗಳೇ ಆಗಿದ್ದವು. ಅವನು ಮಳೆಯ ಬಗ್ಗೆ ಮಾತಾಡಿದ. ಮೀನಿನ ಬೆಲೆಯ ಬಗ್ಗೆ ಮಾತಾಡಿದ. ಆಮೇಲೆ ಅತ್ತಿತ್ತ ನೋಡಿ, "ಆ ವ್ಯಾನು ನಮ್ಮ ಬೀದಿಗೂ ಬರುತ್ತೇನಪ್ಪ?" ಎಂದ. "ನಂಗಲ್ಲ. ಯಾರೋ ಕೇಳ್ತಿದ್ರು."

ಬರುತ್ತೆ ಎಂದು ಹೇಳಿ ಬಿಡಬಹುದಿತ್ತು. ಕೆಲೆಪಿ ಮುದುಕನ ಕೈಯನ್ನು ನೋಡಿದ. ಆ ಕೈ ಜೇಬಿನೊಳಗೆ ಏನನ್ನೋ ಬಿಗಿಯಾಗಿ ಹಿಡಿದಿತ್ತು.

"ಮಾಮ, ಒಳಗೆ ಹೇಳೋಕಾಗಲಿಲ್ಲ, ನಿಮಗೆ ಹೇಳ್ತೀನಿ," ಎಂದ. "ನಾನು ನಮ್ಮಮ್ಮನ್ನ ಕುರ್ಚಿಗೆ ಕಟ್ಟಿ ಹಾಕಿ ಸಭೆಗೆ ಬಂದಿದ್ದೆ. ಮೊನ್ನೆ ಗುರುವಾರ. ಪಾದ್ರಿಗಳ ಪಕ್ಕ ಕೂತಿದ್ನಲ್ಲ, ಆಗ."

ಮೈಕೋಲೊ ಮತ್ತೊಮ್ಮೆ ಅತ್ತಿತ್ತ ನೋಡಿದ. "ಮನೆ ಹತ್ರ ಬರ್ತೀಯಾ?" ಎಂದ.

ಮನೆ ಹತ್ತಿರವೇ ಇತ್ತು. ಇಬ್ಬರೂ ನಡೆದೇ ಹೋದರು. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗಿನಿಂದ ಯಾರೋ ಸಣ್ಣಗೆ ಬಾಗಿಲು ತಟ್ಟುತ್ತಿದ್ದರು. ಮೈಕೋಲೊ ಜೇಬಿನಿಂದ ಕೀಲಿಕೈ ತೆಗೆದ. ಬೀಗದ ಹತ್ತಿರ ತಂದು ಹಾಗೇ ಹಿಡಿದುಕೊಂಡ. ಕೆಲೆಪಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬೀಗ ತೆರೆದು, ಒಂದು ಹೆಜ್ಜೆ ಹಿಂದೆ ಸರಿದ.

"ನೀವು ಮೊದಲು ಹೋಗಿ ಮಾಮ. ಅತ್ತೆಗೆ ಬಟ್ಟೆ ಬದಲಾಯಿಸಬೇಕಿದ್ರೆ ನಿಧಾನಕ್ಕೆ ಬದಲಾಯಿಸಿ. ನಾನು ಇಲ್ಲೇ ಇರ್ತೀನಿ," ಎಂದ. "ಲೂಪೆಗೆ ಬರೋಕೆ ಹೇಳ್ಲಾ?"

ಮುದುಕ ಬಾಗಿಲಿಗೆ ಕೈ ಇಟ್ಟು ನಿಂತಿದ್ದ. ತಿರುಗಿ ನೋಡದೆ ತಲೆಯಾಡಿಸಿದ. ಕೆಲೆಪಿ ಮೆಟ್ಟಿಲ ಮೇಲೆ ಕೂತು ಲೂಪೆಗೆ ಫೋನ್ ಹಚ್ಚಿದ.